ಒಂದು ಎಕ್ಸ್‌ಗೆ ಒಂದೇ ವೈ

ಈ ನಾಲ್ಕು ಜೋಡಿಗಳನ್ನು ನೋಡಿ: (2, 5), (3, 7), (2, 9), (4, 7). ಇದೊಂದು ರಿಲೇಶನ್. ಡೊಮೇನ್ ಬೇಕೆಂದರೆ ಪ್ರತಿ ಜೋಡಿಯ ಮೊದಲ ಸಂಖ್ಯೆಯನ್ನಷ್ಟೇ ಎತ್ತಿಕೊಳ್ಳಿ: 2, 3, 4. ಎರಡು ಸಲ ಬಂದಿರುವ 2 ಅನ್ನು ಒಮ್ಮೆ ಬರೆದರೆ ಸಾಕು.

ಇದು ಫಂಕ್ಷನ್ ಹೌದೋ, ಅಲ್ಲವೋ? 2ಕ್ಕೆ ಒಂದು ಕಡೆ 5, ಇನ್ನೊಂದು ಕಡೆ 9. ಫಂಕ್ಷನ್‌ನಲ್ಲಿ ಒಂದು ಮೊದಲ ಸಂಖ್ಯೆಗೆ ಒಂದೇ ಉತ್ತರ ಇರಬೇಕು, ಹಾಗಾಗಿ ಅಲ್ಲ. 3 ಮತ್ತು 4 ಎರಡಕ್ಕೂ 7 ಬಂದಿದೆಯಲ್ಲ ಅಂತ ಬಹಳ ಮಂದಿ ಗಾಬರಿಯಾಗುತ್ತಾರೆ. ಅದರಿಂದ ತೊಂದರೆಯೇನೂ ಇಲ್ಲ. ಬಸ್ಸಿನಿಂದ ಇಬ್ಬರು ಒಂದೇ ಸ್ಟಾಪಿನಲ್ಲಿ ಇಳಿಯಬಹುದು. ಒಬ್ಬರೇ ಒಟ್ಟಿಗೆ ಎರಡು ಸ್ಟಾಪಿನಲ್ಲಿ ಇಳಿಯಲಾಗದು.

ಈಗ (2, 9) ತೆಗೆದುಹಾಕಿ. ಫಂಕ್ಷನ್ ಆಯಿತೇ? ಪ್ರಥಮ ಪಿಯುಸಿ ಲೆಕ್ಕಗಳಲ್ಲಿ ಅಂಕ ಜಾರುವುದು ಇಲ್ಲೇ, ಸ್ವಲ್ಪ ನಿಧಾನಿಸಿ. ಮೊದಲ ಸಂಖ್ಯೆಗಳು ಯಾವ ಗಣದಿಂದ ಬರಬೇಕೆಂದು ಪ್ರಶ್ನೆಯಲ್ಲಿ ಕೊಟ್ಟಿರುತ್ತಾರೆ, ಅದನ್ನು ಎ ಅನ್ನಿ. ಎ ಗಣದಲ್ಲಿ 2, 3, 4 ಮಾತ್ರ ಇದ್ದರೆ ಹೌದು. 1, 2, 3, 4 ಇದ್ದರೆ ಅಲ್ಲ, ಏಕೆಂದರೆ 1ಕ್ಕೆ ಜೋಡಿಯೇ ಇಲ್ಲ. ಎ ಗಣದ ಒಂದು ಸಂಖ್ಯೆಯೂ ಬಿಟ್ಟುಹೋಗಬಾರದು, ಯಾವುದಕ್ಕೂ ಎರಡು ಉತ್ತರ ಇರಬಾರದು. ಪ್ರಶ್ನೆಯಲ್ಲಿ ಕೊಟ್ಟ ಗಣವನ್ನು ಓದದೆ ಉತ್ತರ ಬರೆಯಲೇಬೇಡಿ.

ಸೂತ್ರ ಕೊಟ್ಟು ಡೊಮೇನ್ ಕೇಳಿದ್ದರೆ? 1 ಅನ್ನು ಎಕ್ಸ್ ಮೈನಸ್ 3ರಿಂದ ಭಾಗಿಸಿದ್ದಾರೆ ಅನ್ನಿ. ಛೇದ ಸೊನ್ನೆಯಾಗಬಾರದು, ಆದ್ದರಿಂದ 3 ಬಿಟ್ಟು ಉಳಿದೆಲ್ಲ ವಾಸ್ತವ ಸಂಖ್ಯೆಗಳೂ ಡೊಮೇನ್. ವರ್ಗಮೂಲದೊಳಗೆ ಎಕ್ಸ್ ಮೈನಸ್ 4 ಇದ್ದರೆ 4 ಮತ್ತು ಅದಕ್ಕಿಂತ ದೊಡ್ಡ ಸಂಖ್ಯೆಗಳು.

ಗ್ರಾಫ್ ಕೊಟ್ಟಿದ್ದರೆ ಸ್ಕೇಲನ್ನು ಲಂಬವಾಗಿ ಹಿಡಿದು ಎಡದಿಂದ ಬಲಕ್ಕೆ ಸರಿಸಿ. ಎಲ್ಲಾದರೂ ಗೆರೆಯನ್ನು ಎರಡು ಕಡೆ ಮುಟ್ಟಿತೋ, ಅದು ಫಂಕ್ಷನ್ ಅಲ್ಲ. ಒಂದು ವೃತ್ತ ಎಳೆದು ಈಗಲೇ ಪರೀಕ್ಷಿಸಿ ನೋಡಿ.