ಮರುಭೂಮಿಯಲ್ಲಿ ಒಂದು ರಾತ್ರಿ

ಮರುಭೂಮಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕಣ್ಣು ಹಾಯುವಷ್ಟು ದೂರ ಮರಳು, ಒಂದು ಒಂಟೆ, ಮೇಲೆ ಸುಡುವ ಸೂರ್ಯ, ಅಲ್ಲವೇ? ಅಲ್ಲಿ ಜೀವವೇ ಇಲ್ಲವೆಂದು ನಮ್ಮಲ್ಲಿ ಅನೇಕರ ಭಾವನೆ. ಅದು ಎಷ್ಟು ತಪ್ಪು ಎಂದು ತಿಳಿಯಬೇಕಾದರೆ ಅಲ್ಲಿ ಒಂದು ರಾತ್ರಿಯನ್ನಾದರೂ ಕಳೆಯಬೇಕು.

ಜನವರಿಯ ಒಂದು ಶನಿವಾರ ನಮ್ಮ ಚಿತ್ರೀಕರಣ ತಂಡವು ಜೋಧಪುರದ ಕಾಲೇಜು ಹುಡುಗ ಹುಡುಗಿಯರ ಜೊತೆ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಖುರಿ ಗ್ರಾಮಕ್ಕೆ ಹೋಗಿ, ಮರಳುದಿಬ್ಬಗಳ ಬಳಿ ಬಿಡಾರ ಹೂಡಿತ್ತು. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 20 ಸೆಂಟಿಮೀಟರ್ ಮಾತ್ರ. ಆದ್ದರಿಂದ ಶಿಬಿರದ ಮೊದಲ ನಿಯಮ ನೀರಿನದು: ಎರಡು ದಿನಕ್ಕೆ ತಲಾ 10 ಲೀಟರ್. ಕುಡಿಯುವುದಕ್ಕೂ ಅಷ್ಟೇ, ಅಡುಗೆಗೂ ಅಷ್ಟರಲ್ಲೇ. ಮೊದಲ ಊಟವಾದೊಡನೆ ಒಬ್ಬ ಹುಡುಗ ತಟ್ಟೆ ತೊಳೆಯಲು ಒಂದು ಚೊಂಬು ನೀರು ಸುರಿದುಬಿಟ್ಟ. ಒಂಟೆ ನಡೆಸುವ ಹಿರಿಯರು ಏನೂ ಹೇಳಲಿಲ್ಲ. ತಮ್ಮ ತಟ್ಟೆಗೆ ಒಂದು ಹಿಡಿ ಒಣಮರಳು ಹಾಕಿ ಉಜ್ಜಿ, ಬಟ್ಟೆಯಿಂದ ಒರೆಸಿ ಇಟ್ಟರು. ತಟ್ಟೆ ಥಳಥಳ ಹೊಳೆಯಿತು. ಆಮೇಲೆ ಯಾರೂ ತಟ್ಟೆಗೆ ನೀರು ಮುಟ್ಟಿಸಲಿಲ್ಲ.

ಮಧ್ಯಾಹ್ನ ಅಂಗಿಯ ತೋಳು ಮಡಚಿಕೊಂಡಿದ್ದವರು ರಾತ್ರಿ ಎರಡೆರಡು ಕಂಬಳಿ ಹೊದ್ದು ನಡುಗಿದರು. ಒಂದೇ ದಿನದಲ್ಲಿ ಇಷ್ಟು ವ್ಯತ್ಯಾಸವೇಕೆ? ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖದ ಸುಮಾರು ಐದನೆಯ ಒಂದು ಭಾಗ ಸಾಕು, ಒಂದು ಕಿಲೋ ಮರಳು ಅಷ್ಟೇ ಬಿಸಿಯಾಗುತ್ತದೆ. ಬೇಗ ಕಾದದ್ದು ಬೇಗ ಆರುತ್ತದೆ. ಇದರ ಜೊತೆಗೆ ಇಲ್ಲಿನ ಗಾಳಿಯಲ್ಲಿ ನೀರಾವಿ ಬಹಳ ಕಡಿಮೆ, ಮೋಡವೂ ಅಪರೂಪ. ನೆಲದಿಂದ ಹೊರಡುವ ಶಾಖವನ್ನು ತಡೆದು ಹಿಡಿಯುವ ಹೊದಿಕೆಯೇ ಇಲ್ಲದಂತಾಗಿ ಅದು ಆಕಾಶಕ್ಕೆ ಹೊರಟುಹೋಗುತ್ತದೆ.

ಮರಳಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಅದು ಶಾಖವನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಮೇಲೆ ಕಾಲಿಡಲಾಗದಷ್ಟು ಬಿಸಿಯಿದ್ದರೂ ಒಂದು ಮೊಳ ಕೆಳಗೆ ತಂಪು. ಮರುಭೂಮಿಯ ಜೀವಿಗಳಿಗೆ ಈ ಗುಟ್ಟು ಗೊತ್ತು. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ, ಹಿಂದಿನ ಸಂಜೆ ನುಣುಪಾಗಿದ್ದ ದಿಬ್ಬದ ಮೇಲೆಲ್ಲ ಹೆಜ್ಜೆ ಗುರುತು! ಜೀರುಂಡೆ, ಮರಳು ಇಲಿ, ನರಿ ಎಲ್ಲವೂ ನಾವು ಮಲಗಿದ್ದಾಗ ಓಡಾಡಿ ಹೋಗಿದ್ದವು. ಇಲಿಗಳು ತಮಗೆ ಬೇಕಾದ ನೀರಿನ ಬಹುಪಾಲನ್ನು ಆಹಾರದಿಂದಲೇ ಪಡೆಯುತ್ತವೆ. ಅವು ಬಿಟ್ಟ ಉಸಿರಿನ ತೇವವೂ ಬಿಲದೊಳಗೇ ಉಳಿಯುತ್ತದೆ.

ರಾತ್ರಿ ಊಟಕ್ಕೆ ಸಜ್ಜೆ ರೊಟ್ಟಿ, ಸಾಂಗರಿ ಪಲ್ಯ. ಸಾಂಗರಿ ಎಂದರೆ ಖೇಜಡಿ ಮರದ ಕಾಯಿ. ಈ ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿ ಮರವೇ! ಇದರ ಬೇರು ಇಪ್ಪತ್ತು ಮೀಟರಿಗೂ ಆಳಕ್ಕೆ ಇಳಿದು ನೀರು ಹುಡುಕಬಲ್ಲದು. ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಆದ್ದರಿಂದಲೇ ಅಲ್ಲಿನ ರೈತರು ಹೊಲದ ನಡುವೆ ಈ ಮರ ಉಳಿಸಿಕೊಂಡು ಸಜ್ಜೆ ಬಿತ್ತುತ್ತಾರೆ. ಮೇವು, ನೆರಳು, ಉರುವಲು ಎಲ್ಲಕ್ಕೂ ಇದೇ ಆಧಾರ. 1730ರಲ್ಲಿ ಜೋಧಪುರದ ಸಮೀಪದ ಖೇಜಡ್ಲಿ ಗ್ರಾಮಕ್ಕೆ ಅರಸನ ಆಳುಗಳು ಈ ಮರ ಕಡಿಯಲು ಬಂದಾಗ, ಅಮೃತಾದೇವಿ ಎಂಬ ಬಿಷ್ಣೋಯಿ ಮಹಿಳೆ ಮರವನ್ನು ತಬ್ಬಿ ನಿಂತು ಪ್ರಾಣಕೊಟ್ಟಳು. ಅವಳ ಹಿಂದೆಯೇ ಇತರರೂ ಬಂದು, ಒಟ್ಟು 363 ಮಂದಿ ಬಲಿಯಾದರೆಂದು ದಾಖಲೆ. 1983ರಲ್ಲಿ ಖೇಜಡಿ ರಾಜಸ್ಥಾನದ ರಾಜ್ಯವೃಕ್ಷವಾಯಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಬಿಸಿಲು ಧಾರಾಳವಾಗಿರುವ ಥಾರ್ ಮರುಭೂಮಿಯಲ್ಲಿ ಈಗ ದೊಡ್ಡ ದೊಡ್ಡ ಸೌರವಿದ್ಯುತ್ ಸ್ಥಾವರಗಳು ಎದ್ದಿವೆ. ಅವುಗಳಿಗಾಗಿ ಖೇಜಡಿ ಕಡಿಯುವುದನ್ನು ವಿರೋಧಿಸಿ 2024ರಲ್ಲಿ ಬಿಕಾನೇರ್ ಕಡೆಯ ಜನ ಧರಣಿ ಕುಳಿತರು. ಶಿಬಿರದ ಬೆಂಕಿಯ ಸುತ್ತ ಇದೇ ಚರ್ಚೆ. "ಹೊಗೆಯಿಲ್ಲದ ವಿದ್ಯುತ್ ಬೇಡವೇ?" ಎಂದಳು ಒಬ್ಬಳು. "ಪಾಳು ನೆಲವೆಂದು ತಿಳಿದು ತಾನೇ ಕಡಿಯುತ್ತಾರೆ?" ಎಂದ, ನೀರು ಚೆಲ್ಲಿದ್ದ ಆ ಹುಡುಗ.

ವಿದ್ಯಾರ್ಥಿ ಮಿತ್ರರೇ, ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಕಾರ್ಯಕ್ರಮ ನೋಡಿದ ಮೇಲೆ ನಿಮ್ಮ ತರಗತಿಯಲ್ಲೂ ಈ ಚರ್ಚೆ ನಡೆಯಲಿ. ಒಂದು ಮಾತು ಮಾತ್ರ ನೆನಪಿರಲಿ: ನಮ್ಮ ಕಣ್ಣಿಗೆ ಬರಿದಾಗಿ ಕಂಡ ನೆಲವೆಲ್ಲ ಬರಿದಲ್ಲ.