ಮನೆಗೊಂದು 'ಹಬ್': ರೈತನಿಗೆ ಎಷ್ಟು ಪ್ರಯೋಜನ?

ಪಟ್ಟಣದಲ್ಲಿ ಕೆಲಸದಲ್ಲಿರುವ ಮಗನೋ ಅಳಿಯನೋ ಹಬ್ಬಕ್ಕೆ ಊರಿಗೆ ಬಂದಾಗ, ಜಗಲಿಯ ಮೇಲೆ ಕುಳಿತೇ ಬೆಂಗಳೂರಿನ ತನ್ನ ಮನೆಯ ದೀಪವನ್ನು ಮೊಬೈಲಿನಿಂದ ಆರಿಸಿ ತೋರಿಸಿದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನೋಡಲು ಸೋಜಿಗವೇ. "ಎದ್ದು ಹೋಗಿ ಸ್ವಿಚ್ ಒತ್ತಲು ಇವನಿಗೇನು ಕಷ್ಟ?" ಎಂದು ಹಿರಿಯರು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ದೀಪ ಆರಿಸುವುದಷ್ಟೇ ಇದರ ಕೆಲಸವಾಗಿದ್ದರೆ ಈ ಪುಟದಲ್ಲಿ ಅದರ ಮಾತೆತ್ತುವ ಅಗತ್ಯವಿರಲಿಲ್ಲ. ಆದರೆ ಹುಳು ಸಾಕುವ ಮನೆ, ದನದ ಕೊಟ್ಟಿಗೆ, ತಾರಸಿಯ ಮೇಲಿನ ನೀರಿನ ಟ್ಯಾಂಕು ಇವುಗಳಿಗೂ ಇದೇ ಉಪಕರಣವನ್ನು ಜೋಡಿಸಬಹುದು. ಹಾಗೆ ಜೋಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಅಂಗಡಿಯವರು ಹೇಳುವುದಕ್ಕಿಂತ ಹೆಚ್ಚಾಗಿಯೇ ಇವೆ.

ಏನಿದು ಹಬ್?

ಹಬ್ ಎಂದರೆ ಅಂಗೈಯಗಲದ ಒಂದು ಪೆಟ್ಟಿಗೆ. ಮನೆಯ ಇಂಟರ್‌ನೆಟ್ ರೌಟರಿನ ಪಕ್ಕದಲ್ಲಿ ಇದನ್ನು ಇಡುತ್ತಾರೆ. ಶಾಖ ಮತ್ತು ತೇವಾಂಶ ಅಳೆಯುವ ಸೆನ್ಸರ್, ಬಾಗಿಲು ತೆರೆದಿದೆಯೇ ಮುಚ್ಚಿದೆಯೇ ಎಂದು ತಿಳಿಸುವ ಸೆನ್ಸರ್, ಪ್ಲಗ್, ಸ್ವಿಚ್ ಇವೆಲ್ಲ ತಂತಿಯಿಲ್ಲದೆಯೇ ಈ ಪೆಟ್ಟಿಗೆಗೆ ಸುದ್ದಿ ಕೊಡುತ್ತವೆ. ಅದರಿಂದ ಅಪ್ಪಣೆ ಪಡೆಯುತ್ತವೆ. ಕೆರೆಯ ಕೆಳಗಿನ ಗದ್ದೆಗಳಿಗೆ ನೀರುಗಂಟಿ ಇದ್ದ ಹಾಗೆ ಎನ್ನಬಹುದು. ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು, ಯಾವ ಗದ್ದೆಗೆ ನೀರು ಸಾಕಾಯಿತು ಎಂಬುದನ್ನು ಅವನೊಬ್ಬನೇ ನೋಡಿಕೊಳ್ಳುತ್ತಿದ್ದ. ಗದ್ದೆಯವರೆಲ್ಲ ತೂಬಿಗೆ ಓಡಬೇಕಿರಲಿಲ್ಲ. ಆದರೆ ನೀರುಗಂಟಿ ಮೋಡ ನೋಡಿ ಮಳೆಯನ್ನು ಊಹಿಸುತ್ತಿದ್ದ. ಹಬ್‌ಗೆ ನೀವು ಹೇಳಿಕೊಟ್ಟಷ್ಟೇ ಗೊತ್ತು. ಈ ವ್ಯತ್ಯಾಸವನ್ನು ಮರೆತವರು ನಷ್ಟಕ್ಕೆ ಗುರಿಯಾಗುತ್ತಾರೆ.

ಈ ವಿಚಾರ ಹೊಸದೇನೂ ಅಲ್ಲ. ಸ್ಕಾಟ್ಲೆಂಡಿನ ಸಂಸ್ಥೆಯೊಂದು 1975ರಲ್ಲಿಯೇ 'ಎಕ್ಸ್-10' ಎಂಬ ವ್ಯವಸ್ಥೆಯನ್ನು ರೂಪಿಸಿ, ಮನೆಯ ವಿದ್ಯುತ್ ತಂತಿಯ ಮೂಲಕವೇ ಸಂಕೇತ ಕಳಿಸಿ ದೀಪಗಳನ್ನು ಹೊತ್ತಿಸಿ ಆರಿಸಿತ್ತು. ಈಗಿನ ಉಪಕರಣಗಳು ಹೆಚ್ಚಾಗಿ ವೈಫೈ ಅಥವಾ 'ಜಿಗ್‌ಬೀ' ಎಂಬ ಕಡಿಮೆ ಶಕ್ತಿಯ ರೇಡಿಯೋ ಬಳಸುತ್ತವೆ. ಬಹುಕಾಲ ಒಂದೊಂದು ಕಂಪನಿಯದು ಒಂದೊಂದು ಭಾಷೆಯಾಗಿತ್ತು. ಒಬ್ಬರ ಸ್ವಿಚ್ಚು ಇನ್ನೊಬ್ಬರ ಹಬ್‌ನ ಮಾತು ಕೇಳುತ್ತಿರಲಿಲ್ಲ. ಈ ತೊಡಕನ್ನು ನಿವಾರಿಸಲು ಹಲವು ಕಂಪನಿಗಳು ಕೂಡಿ 2022ರ ಅಕ್ಟೋಬರ್‌ನಲ್ಲಿ 'ಮ್ಯಾಟರ್' ಎಂಬ ಸಮಾನ ಮಾನಕವನ್ನು ಹೊರತಂದವು. ಹೊಸದಾಗಿ ಕೊಳ್ಳುವವರು ಡಬ್ಬಿಯ ಮೇಲೆ ಆ ಗುರುತು ಇದೆಯೇ ಎಂದು ನೋಡುವುದು ಒಳ್ಳೆಯದು.

ಹುಳು ಮನೆಯಲ್ಲಿ

ನನ್ನ ಅಭಿಪ್ರಾಯದಲ್ಲಿ ಹಬ್‌ನಿಂದ ನಿಜವಾದ ಲಾಭ ದೊರೆಯುವುದು ರೇಷ್ಮೆ ಬೆಳೆಗಾರರಿಗೆ. ಹುಳು ಮನೆ ವಾಸದ ಮನೆಗೆ ಹೊಂದಿಕೊಂಡೇ ಇರುವವರಿಗಂತೂ ಇದು ಸುಲಭ. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡ 80ರಿಂದ 90 ತೇವಾಂಶ ಬೇಕು. ನಾಲ್ಕನೇ ಜ್ವರ ಕಳೆದ ದೊಡ್ಡ ಹುಳುವಿಗೆ 23ರಿಂದ 24 ಡಿಗ್ರಿ, ಶೇಕಡ 65ರಿಂದ 70 ತೇವಾಂಶ ಸಾಕು. ಬಿಸಿಲು ಹೆಚ್ಚಿ ಶಾಖ ಏರಿದರೆ ಸಪ್ಪೆ ರೋಗ, ಚಳಿ ಮಳೆಯಲ್ಲಿ ಥಂಡಿ ಕಟ್ಟಿಕೊಂಡರೆ ಸುಣ್ಣಕಟ್ಟು ರೋಗ. ಇದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದ್ದರೂ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಗೋಡೆಯ ತಾಪಮಾಪಕ ನೋಡುವವರು ಎಷ್ಟು ಜನ?

ಇಲ್ಲಿ ಒಂದು ಸೆನ್ಸರ್, ಹೀಟರಿಗೆ ಒಂದು ಪ್ಲಗ್, ಹೊಗೆ ಫ್ಯಾನಿಗೆ ಒಂದು ಸ್ವಿಚ್ ಜೋಡಿಸಿದರೆ ಶಾಖ ಇಳಿದಾಗ ಹೀಟರು, ಏರಿದಾಗ ಫ್ಯಾನು ತಾನಾಗಿ ನಡೆಯುತ್ತದೆ. ಆದರೆ ಹೊತ್ತುವ ಮತ್ತು ಆರುವ ಅಂಕಿಗಳು ಒಂದೇ ಆಗಿರಬಾರದು. ದೊಡ್ಡ ಹುಳುವಿಗೆ 22ಕ್ಕೆ ಇಳಿದರೆ ಹೀಟರ್ ಹೊತ್ತಲಿ, 24ಕ್ಕೆ ಏರಿದರೆ ಆರಲಿ ಎಂದು ನಡುವೆ ಅಂತರ ಬಿಡಬೇಕು. ಇಲ್ಲವಾದರೆ ನಿಮಿಷಕ್ಕೊಮ್ಮೆ ಹೊತ್ತಿ ಆರಿ ಸ್ವಿಚ್ಚಿನ ಒಳಗಿನ ರಿಲೇ ಸುಟ್ಟುಹೋಗುತ್ತದೆ. 2000 ವಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ; ಅದನ್ನು 16 ಆಂಪಿಯರ್ ಪ್ಲಗ್ಗಿಗೇ ಹಾಕಬೇಕು, ಚಿಕ್ಕದಕ್ಕೆ ಹಾಕಬಾರದು.

ಮುಖ್ಯವಾದ ಅಪಾಯ ಬೇರೆಯೇ ಇದೆ. ಸೆನ್ಸರಿನ ಬ್ಯಾಟರಿ ಮುಗಿಯಿತೆನ್ನಿ. ಕೊನೆಗೆ ಅದು ಕಳಿಸಿದ ಲೆಕ್ಕ 21 ಡಿಗ್ರಿ. ಹಬ್ ಅದನ್ನೇ ನಂಬಿಕೊಂಡು ರಾತ್ರಿಯಿಡೀ ಹೀಟರ್ ಉರಿಸುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆಯ ಮೇಲಿನ ಹುಳುವೆಲ್ಲ ಸೊರಗಿರುತ್ತದೆ. ಒಂದು ಬೆಳೆಯ ಸೊಪ್ಪು, ಕೂಲಿ, ಒಂದು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಹೋದಂತೆ. ಆದ್ದರಿಂದ ಎರಡು ಸೆನ್ಸರ್ ಇಡಿ. ಎರಡರ ಅಂಕಿಯಲ್ಲಿ ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೂ, ಯಾವುದೊಂದು ಒಂದು ಗಂಟೆ ಮೌನವಾದರೂ ಹೀಟರ್ ಆರಿಸಿ ಗಂಟೆ ಬಾರಿಸುವಂತೆ ಮೊದಲೇ ಹೇಳಿಡಿ. ಹೀಟರ್ ಒಮ್ಮೆ ಹೊತ್ತಿದರೆ 40 ನಿಮಿಷಕ್ಕಿಂತ ಹೆಚ್ಚು ಉರಿಯಕೂಡದೆಂಬ ಮಿತಿಯನ್ನೂ ಹಾಕಿ. ಗೋಡೆಯ ಮೇಲಿನ ಹಳೆಯ ಒಣ-ಒದ್ದೆ ತಾಪಮಾಪಕವನ್ನು ಮಾತ್ರ ಕಿತ್ತು ಹಾಕಬೇಡಿ. ಅಗ್ಗದ ಸೆನ್ಸರುಗಳು ತೇವಾಂಶವನ್ನು ಐದಂಶ ಹೆಚ್ಚು ಕಡಿಮೆ ತೋರಿಸುವುದುಂಟು. ವಾರಕ್ಕೊಮ್ಮೆ ಹಳೆಯದರೊಡನೆ ಹೋಲಿಸಿ ನೋಡಬೇಕು.

ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು, ಗಾಳಿ ಆಡಬೇಕು. ಇದು ಹಬ್‌ಗೆ ತಿಳಿಯದು. ತೇವಾಂಶ ಕಡಿಮೆಯಾಯಿತೆಂದು ಅದು ನೀರಿನ ಮಂಜು ಹಾರಿಸುತ್ತಲೇ ಇರುತ್ತದೆ. ಚಾಕಿಗೆ ಒಂದು, ಜ್ವರಕ್ಕೆ ಒಂದು, ದೊಡ್ಡ ಹುಳುವಿಗೆ ಒಂದು ಎಂದು ಮೂರು ಕ್ರಮಗಳನ್ನು ಬರೆದಿಟ್ಟು, ಹುಳುವನ್ನು ಕಣ್ಣಾರೆ ನೋಡಿ ನೀವೇ ಬದಲಿಸಬೇಕು. ಹುಳು ಮನೆಯನ್ನು ಸೋಂಕು ನಿವಾರಣೆ ಮಾಡುವ ಮುನ್ನ ಸೆನ್ಸರುಗಳನ್ನು ಹೊರಗೆ ತೆಗೆದಿಡುವುದನ್ನೂ ಮರೆಯಬಾರದು. ಬ್ಲೀಚಿಂಗ್ ಪುಡಿಯ ಘಾಟಿಗೆ ಅವು ಬೇಗ ಹಾಳಾಗುತ್ತವೆ.

ಇನ್ನೊಂದು ಸಣ್ಣ ಉಪಾಯ. ಊಜಿ ನೊಣ ಒಳಗೆ ಬರುವುದು ಅರೆತೆರೆದ ಬಾಗಿಲಿನಿಂದ. ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಸೆನ್ಸರ್ ಈ ವ್ಯವಸ್ಥೆಯಲ್ಲೇ ಅತಿ ಅಗ್ಗದ ವಸ್ತು. ಬಾಗಿಲು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆರೆದಿದ್ದರೆ ಗಂಟೆ ಹೊಡೆಯುವಂತೆ ಮಾಡಿದರೆ, ಸೊಪ್ಪಿನ ಕಂತೆ ಹೊತ್ತು ಓಡಾಡುವ ಮಕ್ಕಳೂ ಬಾಗಿಲು ಮುಚ್ಚುವುದನ್ನು ಕಲಿಯುತ್ತಾರೆ.

ಮಿಶ್ರತಳಿ ಹಸು ಕಟ್ಟಿದವರು ಕೊಟ್ಟಿಗೆಯ ಫ್ಯಾನನ್ನು ಇದೇ ರೀತಿ ಜೋಡಿಸಬಹುದು. ಶಾಖ-ತೇವಾಂಶ ಸೂಚ್ಯಂಕ 72 ದಾಟಿದರೆ ಅಂಥ ಹಸುಗಳಿಗೆ ಬಿಸಿಯ ಬಾಧೆ ತಟ್ಟಿ ಹಾಲು ಇಳಿಯತೊಡಗುತ್ತದೆ. ಕೊಟ್ಟಿಗೆಯಲ್ಲಿ ವೈರುಗಳನ್ನು ಪೈಪಿನೊಳಗೆ ಎಳೆಯತಕ್ಕದ್ದು. ಇಲಿಯ ಕಾಟವಿಲ್ಲದ ಕೊಟ್ಟಿಗೆ ಎಲ್ಲಿದೆ?

ಗೋಡೆಯ ದಪ್ಪ

ನಮ್ಮ ಮಣ್ಣಿನ ಗೋಡೆ, ಸೈಜುಗಲ್ಲಿನ ಗೋಡೆಗಳು ಈ ರೇಡಿಯೋಗೆ ದೊಡ್ಡ ಅಡ್ಡಿ. ತೆಳು ಗೋಡೆಯ ಮನೆಯಲ್ಲಿ ಹತ್ತು ಹದಿನೈದು ಮೀಟರ್ ತಲುಪುವ ಜಿಗ್‌ಬೀ ಸಂಕೇತ ಇಲ್ಲಿ ಎರಡನೆಯ ಗೋಡೆಗೇ ಸೋಲಬಹುದು. ಇದಕ್ಕೆ ಪರಿಹಾರ ಉಂಟು. ಕರೆಂಟಿನ ಮೇಲೆ ನಡೆಯುವ ಜಿಗ್‌ಬೀ ಪ್ಲಗ್ಗುಗಳು ಸುದ್ದಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಹಬ್‌ಗೂ ಹುಳು ಮನೆಗೂ ನಡುವೆ ಅಂಥ ಒಂದು ಪ್ಲಗ್ ಹಾಕಿದರೆ ಸಾಕು. ಬ್ಯಾಟರಿಯ ಸೆನ್ಸರುಗಳು ಹೀಗೆ ದಾಟಿಸುವುದಿಲ್ಲ. ವೈಫೈ ಉಪಕರಣ ಕೊಂಡವರು ಒಂದು ಮಾತು ಗಮನಿಸಬೇಕು: ಅವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, 5ಕ್ಕೆ ಸೇರುವುದಿಲ್ಲ. "ಹೊಸ ಸ್ವಿಚ್ ಕೆಟ್ಟಿದೆ" ಎಂದು ಅಂಗಡಿಗೆ ಮರಳಿಸುವ ಎಷ್ಟೋ ಸಲ ಕಾರಣ ಇಷ್ಟೇ ಆಗಿರುತ್ತದೆ.

ನೀರಿನ ಮೋಟಾರು

ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲುವುದಷ್ಟೇ ನಿಮಗೆ ಬೇಕಾಗಿದ್ದರೆ ಹಬ್ ಕೊಳ್ಳಬೇಡಿ. ಫ್ಲೋಟ್ ಸ್ವಿಚ್ಚು ಅದೇ ಕೆಲಸವನ್ನು ಇಂಟರ್‌ನೆಟ್ ಇಲ್ಲದೆಯೇ ಮಾಡುತ್ತದೆ. ಹಬ್ ಇದ್ದು ಅದಕ್ಕೇ ಮೋಟಾರನ್ನೂ ಸೇರಿಸುವವರು ಪ್ಲಗ್ಗಿಗೆ ನೇರವಾಗಿ ಸೇರಿಸಕೂಡದು. ಮೋಟಾರು ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಂದು ಅಶ್ವಶಕ್ತಿಯ ಮೋಟಾರಿಗೂ ಕಾಂಟ್ಯಾಕ್ಟರ್ ಹಾಕಿಸಿ, ಸ್ಮಾರ್ಟ್ ಸ್ವಿಚ್ಚು ಆ ಕಾಂಟ್ಯಾಕ್ಟರಿನ ಕಾಯಿಲ್ಲನ್ನು ಮಾತ್ರ ನಡೆಸುವಂತೆ ಲೈಸೆನ್ಸ್ ಪಡೆದ ವೈರ್‌ಮನ್‌ನಿಂದಲೇ ಮಾಡಿಸಬೇಕು. ಅರ್ಥಿಂಗ್ ಸರಿಯಾಗಿರಬೇಕು, 30 ಮಿಲಿ ಆಂಪಿಯರ್‌ನ ಸೋರಿಕೆ ತಡೆಯುವ ಬ್ರೇಕರ್ ಇರಬೇಕು.

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂಬುದನ್ನು ಕೊಳ್ಳುವ ದಿನವೇ ಕೇಳಿ ತಿಳಿಯಿರಿ. ಕೆಲವು ಸ್ವಿಚ್ಚುಗಳು ಹಿಂದಿನ ಸ್ಥಿತಿಗೆ ಮರಳುತ್ತವೆ, ಕೆಲವು ತಾವಾಗಿ ಹೊತ್ತಿಕೊಳ್ಳುತ್ತವೆ. ಮೋಟಾರು ಮತ್ತು ಹೀಟರಿಗೆ 'ಕರೆಂಟ್ ಬಂದಾಗ ಆರಿರಲಿ' ಎಂಬುದನ್ನೇ ಆರಿಸಬೇಕು. ಇನ್ನು, ಮೋಟಾರಿಗೆ ಕೈ ಹಾಕುವಾಗ ಮೊಬೈಲಿನಲ್ಲಿ ಆರಿಸಿದ್ದೇನೆಂದು ಎಂದಿಗೂ ನಂಬಬಾರದು. ಅದೇ ಮೋಟಾರಿನ ಸ್ವಿಚ್ಚು ಬೆಂಗಳೂರಿನಲ್ಲಿರುವ ಮಗನ ಮೊಬೈಲಿನಲ್ಲೂ ಇರುತ್ತದೆ. ಅಪ್ಪ ಸಂಪಿನೊಳಗೆ ಇಳಿದಿರುವುದು ಅವನಿಗೆ ಹೇಗೆ ತಿಳಿಯಬೇಕು? ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಕೆಲಸಕ್ಕೆ ಇಳಿಯಿರಿ.

ಹೊಲದ ಕೊಳವೆ ಬಾವಿಗೆ ಮನೆಯ ಹಬ್ ತಲುಪದು. ಅದಕ್ಕೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರುಗಳಿವೆ. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ 'ನ್ಯಾನೋ ಗಣೇಶ್' ಈ ಬಗೆಯಲ್ಲಿ ಹೆಸರಾದದ್ದು. ಹಳೆಯ ಸ್ಟಾರ್ಟರುಗಳು 2ಜಿಯಲ್ಲಿ ಮಾತ್ರ ನಡೆಯುತ್ತವೆ. ಜಿಯೋದಲ್ಲಿ 2ಜಿ ಇಲ್ಲವಾದ್ದರಿಂದ ಅದರ ಸಿಮ್ ಅವಕ್ಕೆ ಆಗದು. ಮೊದಲು ನಿಮ್ಮ ಹೊಲದಲ್ಲಿ ಯಾರ ಸಿಗ್ನಲ್ ಸಿಗುತ್ತದೆಂದು ನೋಡಿ, ಆಮೇಲೆ ಸ್ಟಾರ್ಟರ್ ನೋಡಿ.

ಕಂಪನಿ ಬಾಗಿಲು ಮುಚ್ಚಿದರೆ?

ಅನೇಕ ಹಬ್‌ಗಳ ಬುದ್ಧಿ ಪೆಟ್ಟಿಗೆಯಲ್ಲಿರುವುದಿಲ್ಲ. ಕಂಪನಿಯ ದೂರದ ಕಂಪ್ಯೂಟರಿನಲ್ಲಿರುತ್ತದೆ. ನಿಮ್ಮ ಹುಳು ಮನೆಯ ಸುದ್ದಿ ಅಲ್ಲಿಗೆ ಹೋಗಿ, ಅಪ್ಪಣೆ ಅಲ್ಲಿಂದ ಬರಬೇಕು. ಇಂಟರ್‌ನೆಟ್ ಕಡಿದರೆ ಎಲ್ಲವೂ ಸ್ತಬ್ಧ. ಕಂಪನಿಯೇ ಕೈಬಿಟ್ಟರೆ? ಅಮೆರಿಕದಲ್ಲಿ 299 ಡಾಲರಿಗೆ ಮಾರಿದ 'ರಿವಾಲ್ವ್' ಎಂಬ ಹಬ್ ಇತ್ತು. ಅದನ್ನು 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಕೊಂಡವರ ಮನೆಯಲ್ಲಿದ್ದ, ಏನೂ ಕೆಟ್ಟಿರದ ಪೆಟ್ಟಿಗೆಗಳು ಅಂದಿನಿಂದ ಕೆಲಸಕ್ಕೆ ಬಾರದಾದವು. 2022ರ ಏಪ್ರಿಲ್‌ನಲ್ಲಿ 'ಇನ್‌ಸ್ಟಿಯಾನ್' ಕಂಪನಿಯ ಕಂಪ್ಯೂಟರುಗಳು ಮುನ್ಸೂಚನೆಯಿಲ್ಲದೆ ನಿಂತವು. ಅದರ ಗಿರಾಕಿಗಳಲ್ಲೇ ಕೆಲವರು ಸೇರಿ ಜೂನ್‌ನಲ್ಲಿ ಅದನ್ನು ಕೊಂಡು ಮತ್ತೆ ನಡೆಸಬೇಕಾಯಿತು. ಅಮೆರಿಕದ ಮನೆಯಲ್ಲಿ ಹೋದದ್ದು ದೀಪದ ಅನುಕೂಲ. ನಾಲ್ಕನೇ ಜ್ವರ ದಾಟಿದ ಹುಳುವಿರುವ ಮನೆಯಲ್ಲಿ ಹೋಗುವುದು ಬೆಳೆ.

ಆದ್ದರಿಂದ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿಸಿ. ರೌಟರಿನ ಇಂಟರ್‌ನೆಟ್ ತಂತಿಯನ್ನು ಕಿತ್ತು, ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿ. ಫ್ಯಾನು ತಿರುಗಿದರೆ ಆ ಹಬ್ ಮನೆಯಲ್ಲೇ ಯೋಚಿಸುತ್ತದೆ. ತಿರುಗದಿದ್ದರೆ ನಿಮ್ಮ ಕೆಲಸಕ್ಕೆ ಅದು ಬೇಡ. ಓದಿದ ಮಕ್ಕಳಿರುವ ಮನೆಯವರು 'ಹೋಮ್ ಅಸಿಸ್ಟೆಂಟ್' ಎಂಬ ಉಚಿತ ತಂತ್ರಾಂಶವನ್ನು 'ರಾಸ್ಪ್‌ಬೆರಿ ಪೈ' ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ನಡೆಸಬಹುದು. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ಇದು 2024ರಿಂದ ಲಾಭದಾಸೆಯಿಲ್ಲದ ಪ್ರತಿಷ್ಠಾನವೊಂದರ ಕೈಯಲ್ಲಿದೆ. ಕಲಿಯಲು ಸ್ವಲ್ಪ ತಾಳ್ಮೆ ಬೇಕು.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಹಾಗೆ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ವಶಪಡಿಸಿಕೊಂಡಿತ್ತು.

ಕರೆಂಟ್ ಹೋದಾಗ ರೌಟರೂ ಹಬ್ಬೂ ಎಚ್ಚರವಾಗಿರಲು 12 ವೋಲ್ಟಿನ ಚಿಕ್ಕ ಯುಪಿಎಸ್ ಸಾಕು. ಕರೆಂಟ್ ಹೋದ ಸುದ್ದಿಯಾದರೂ ನಿಮ್ಮ ಮೊಬೈಲಿಗೆ ಬರುತ್ತದೆ. ಖರ್ಚಿನ ಲೆಕ್ಕ ಹೀಗೆ: ಹಬ್ 3 ವಾಟ್, ರೌಟರ್ 8 ವಾಟ್ ಎಂದಿಟ್ಟುಕೊಂಡರೆ ಹಗಲು ರಾತ್ರಿ ನಡೆದು ತಿಂಗಳಿಗೆ ಸುಮಾರು 8 ಯೂನಿಟ್. ಸುಮ್ಮನಿದ್ದಾಗಲೂ ಒಂದೊಂದು ವಾಟ್ ತಿನ್ನುವ ಐದು ಪ್ಲಗ್ಗುಗಳಿದ್ದರೆ ಇನ್ನೂ ಮೂರೂವರೆ ಯೂನಿಟ್. ಬಿಲ್ಲಿನಲ್ಲಿ ಹನ್ನೊಂದು ಹನ್ನೆರಡು ಯೂನಿಟ್ ಹೆಚ್ಚಾಗಿ ಕಂಡರೆ ಮೀಟರನ್ನು ದೂರಬೇಡಿ.