ಹದಿನೆಂಟು ಸುಂಕದಕಟ್ಟೆಗಳು

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬುದು ನಮ್ಮಲ್ಲಿ ಬಹು ಹಳೆಯ ಗಾದೆ. ದಾರಿಗೆ ಅಡ್ಡಲಾಗಿ ಕುಳಿತ ಸುಂಕದವನಿಗೆ ಕೈಯುಂಟು, ಕಿವಿಯಿಲ್ಲ ಎಂಬುದು ಅದರ ತಾತ್ಪರ್ಯ. ಸಂಸ್ಕೃತದ 'ಶುಲ್ಕ'ವೇ ಕನ್ನಡದ ಬಾಯಲ್ಲಿ 'ಸುಂಕ'ವಾಯಿತು. ನಮ್ಮ ಶಾಸನಗಳಲ್ಲಿ ಅದರ ಮಾತು ಮತ್ತೆ ಮತ್ತೆ ಬರುತ್ತದೆ. ಶರಣರ ಗುಂಪಿನಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೂ ಇದ್ದನು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಇಂದಿಗೂ ಸುಂಕದಕಟ್ಟೆ ಎಂಬ ಬಡಾವಣೆಯೇ ಇದೆ. ಇಷ್ಟು ಹಳೆಯದಾದ ಈ ಸುಂಕವನ್ನು ಕೊಟ್ಟವರುಂಟು, ತಪ್ಪಿಸಿಕೊಂಡವರುಂಟು; ಮೆಚ್ಚಿದವರು ಮಾತ್ರ ವಿರಳ.

ಹೀಗಿರುವಾಗ, ಒಂದು ನಗರದ ಜನ ತಮ್ಮ ಮೇಲೆ ಹೇರಿದ ದಾರಿಸುಂಕವನ್ನು ಏಳು ತಿಂಗಳ ಕಾಲ ಕೊಟ್ಟು ನೋಡಿ, ಅನಂತರ ಮತಪೆಟ್ಟಿಗೆಯ ಮುಂದೆ ನಿಂತು "ಇದು ಇರಲಿ" ಎಂದು ತೀರ್ಪಿತ್ತರು ಎಂದರೆ ಯಾರಿಗೆ ತಾನೆ ಆಶ್ಚರ್ಯವಾಗದು? ಆ ನಗರ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್. ಆ ವರ್ಷ 2006. ಈ ಘಟನೆಯ ಹಿಂದೆ ರಾಜಕಾರಣಿಗಳಿದ್ದರು, ಪತ್ರಿಕೆಗಳಿದ್ದುವು. ಇವೆಲ್ಲಕ್ಕೂ ಹಿಂದೆ, ಜನರ ಕಣ್ಣಿಗೆ ಬೀಳದೆ, ನಗರದ ಸಂಚಾರ ಯೋಜಕರಿದ್ದರು. ಅವರ ಕೆಲಸ ಎಂತಹದು, ಅದರ ಭಾರ ಎಷ್ಟು ಎಂಬುದನ್ನು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಯೋಜಕನ ನಾಲ್ಕು ಪ್ರಶ್ನೆಗಳು

ರಸ್ತೆಯನ್ನು ಕಟ್ಟುವವನು ಇಂಜಿನಿಯರು. ಚೌಕದಲ್ಲಿ ನಿಂತು ಕೈ ತೋರಿಸುವವನು ಪೋಲೀಸಿನವನು. ಇವರಿಬ್ಬರನ್ನೂ ನಾವು ನಿತ್ಯ ಕಾಣುತ್ತೇವೆ. ಮೂರನೆಯವನಾದ ಸಂಚಾರ ಯೋಜಕನು ನಗರಾಡಳಿತದ ಕಚೇರಿಯಲ್ಲಿ ನಕ್ಷೆಗಳ ಮತ್ತು ಅಂಕಿಗಳ ನಡುವೆ ಕುಳಿತಿರುತ್ತಾನೆ. ಅವನು ನಗರವನ್ನು ನೂರಾರು ಸಣ್ಣ ವಲಯಗಳಾಗಿ ಹಂಚಿಕೊಂಡು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾನೆ. ಪ್ರತಿಯೊಂದು ವಲಯದಿಂದಲೂ ದಿನಕ್ಕೆ ಎಷ್ಟು ಪ್ರಯಾಣಗಳು ಹೊರಡುತ್ತವೆ? ಅವು ಎಲ್ಲಿಗೆ ಹೋಗುತ್ತವೆ? ನಡೆದೋ, ಬಸ್ಸಿನಲ್ಲೋ, ಕಾರಿನಲ್ಲೋ? ಯಾವ ದಾರಿಯಿಂದ?

ಉತ್ತರಕ್ಕಾಗಿ ಅವನ ಜನ ಮನೆಮನೆಗೆ ಹೋಗಿ, "ನಿನ್ನೆ ನಿಮ್ಮ ಮನೆಯಿಂದ ಯಾರು ಯಾರು ಎಲ್ಲಿಗೆ ಹೋದಿರಿ?" ಎಂದು ವಿಚಾರಿಸುತ್ತಾರೆ. ಸೇತುವೆಗಳ ಬಳಿ ಹೋಗಿಬರುವ ಗಾಡಿಗಳನ್ನು ಎಣಿಸುತ್ತಾರೆ. ಹೀಗೆ ಕೂಡಿಸಿದ ಲೆಕ್ಕದಿಂದ ನಗರದ ಒಂದು ದಿನದ ಓಡಾಟವೆಲ್ಲ ಗಣಿತದ ರೂಪದಲ್ಲಿ ಕೈಗೆ ಬರುತ್ತದೆ. ಆಗ ಯೋಜಕನು "ಈ ಸೇತುವೆ ಮುಚ್ಚಿದರೆ ಏನಾದೀತು? ಈ ದಾರಿಯಲ್ಲಿ ಐದು ನಿಮಿಷಕ್ಕೊಂದು ಬಸ್ಸು ಬಿಟ್ಟರೆ ಏನಾದೀತು?" ಎಂದು ಆ ಗಣಿತವನ್ನೇ ಕೇಳಬಹುದು.

ಇಷ್ಟಾದರೆ ಕಿರಿಯರ ಕೆಲಸ ಮುಗಿಯಿತು. ಹಿರಿಯ ಯೋಜಕನದು ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಬಂದ ಉತ್ತರವನ್ನು ಚುನಾಯಿತ ಸದಸ್ಯರಿಗೆ ಅರ್ಥವಾಗುವಂತೆ ಹೇಳಬೇಕು. ಅಂಗಡಿಯವರ ಆತಂಕಕ್ಕೆ ಸಮಾಧಾನ ಕೊಡಬೇಕು. ಪತ್ರಿಕೆಯವರ ಪ್ರಶ್ನೆಗಳಿಗೆ ಉತ್ತರಿಸಬೇಕು. ತೀರ್ಮಾನ ಅವನದಲ್ಲ, ಆದರೆ ತೀರ್ಮಾನಕ್ಕೆ ಆಧಾರವಾದ ಸಂಖ್ಯೆ ಅವನದು. ಆ ಸಂಖ್ಯೆ ಸುಳ್ಳಾದರೆ ಊರಿಗೆ ಊರೇ ಅದನ್ನು ಬೀದಿಯಲ್ಲಿ ನಿಂತು ನೋಡುತ್ತದೆ.

ದ್ವೀಪಗಳ ನಗರದ ತೊಡಕು

ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡ ಊರು. ದ್ವೀಪದಿಂದ ದ್ವೀಪಕ್ಕೆ ಸೇತುವೆಗಳೇ ಗತಿ. ನೋಡುವುದಕ್ಕೆ ಇದೆಷ್ಟು ಸುಂದರವೋ ಸಂಚಾರಕ್ಕೆ ಅಷ್ಟೇ ತೊಡಕು. ಬೆಳಗಿನ ಹೊತ್ತು ಸುತ್ತಲಿನ ಬಡಾವಣೆಗಳಿಂದ ನಡುನಗರಕ್ಕೆ ಬರುವ ಕಾರುಗಳೆಲ್ಲ ಆ ಕೆಲವೇ ಕಂಠಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದುವು. ಹೊಸ ಸೇತುವೆ ಕಟ್ಟೋಣವೆಂದರೆ ಬೇಕಾದ ಹಣವೂ ಹೆಚ್ಚು, ಕಾಲವೂ ಹೆಚ್ಚು. ಮೇಲಾಗಿ ನಡುನಗರದಲ್ಲಿ ಜಾಗವೂ ಇಲ್ಲ.

ಇಲ್ಲಿ ಯೋಜಕರಿಗೆ ನೆರವಾದದ್ದು ದಟ್ಟಣೆಯ ಒಂದು ವಿಚಿತ್ರ ಗುಣ. ನಮ್ಮ ಓದುಗರೂ ಅದನ್ನು ಕಂಡಿರಬಹುದು. ಶಾಲೆಗಳಿಗೆ ರಜೆ ಬಂದಾಗ ಬೆಂಗಳೂರಿನ ರಸ್ತೆಗಳಲ್ಲಿ ಕಡಮೆಯಾಗುವುದು ಒಂದಿಷ್ಟು ವಾಹನ ಮಾತ್ರ. ಆದರೆ ಕಚೇರಿಗೆ ಹೋಗುವವರ ದಾರಿ ಎಷ್ಟೋ ಹಗುರವಾಗುತ್ತದೆ. ಆಲಿಕೆಯಲ್ಲಿ ಅಕ್ಕಿ ಸುರಿಯುವಾಗ ಅಳತೆ ಮೀರಿದರೆ ಎಲ್ಲವೂ ಕಟ್ಟಿಕೊಳ್ಳುತ್ತದೆ. ಸ್ವಲ್ಪ ಕೈ ಹಿಡಿದು ಸುರಿದರೆ ಸರಾಗವಾಗಿ ಇಳಿಯುತ್ತದೆ. ರಸ್ತೆಯೂ ಹಾಗೆಯೇ. ಐದರಲ್ಲಿ ನಾಲ್ಕು ಕಾರುಗಳು ಎಂದಿನಂತೆ ಬರಲಿ, ಒಂದು ಬೇರೆ ದಾರಿ ನೋಡಿಕೊಳ್ಳಲಿ. ಅಷ್ಟರಿಂದಲೇ ಸಾಲು ಕರಗುತ್ತದೆ.

ಆ ಒಂದು ಕಾರನ್ನು ಹೇಗೆ ಆರಿಸುವುದು? ಅಪ್ಪಣೆ ಮಾಡಿ ತಡೆದರೆ ಅನ್ಯಾಯವಾದೀತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1950ರ ದಶಕದಲ್ಲಿಯೇ ಇದಕ್ಕೊಂದು ಉಪಾಯ ಹೇಳಿದ್ದರು: ದಟ್ಟಣೆಯ ಹೊತ್ತಿಗೆ ಹೆಚ್ಚಿನ ಬೆಲೆ, ಬಿಡುವಿನ ಹೊತ್ತಿಗೆ ಕಡಮೆ ಬೆಲೆ. ಆಗ ಯಾರಿಗೆ ಆ ಪ್ರಯಾಣ ಅಗತ್ಯವೋ ಅವರು ಕೊಡುತ್ತಾರೆ. ಅಷ್ಟೇನೂ ಅಗತ್ಯವಿಲ್ಲದವರು ತಾವಾಗಿಯೇ ಬೇರೆ ಏರ್ಪಾಟು ಮಾಡಿಕೊಳ್ಳುತ್ತಾರೆ. ವಿಕ್ರಿಯವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸುದ್ದಿ ಹೊರಬಿದ್ದ ಮೂರೇ ದಿನಗಳಲ್ಲಿ ಅವರು ತೀರಿಕೊಂಡರು. ಅವರ ವಿಚಾರವನ್ನು ಹೋಲುವ ಏರ್ಪಾಡನ್ನು ಸಿಂಗಪುರ 1975ರಲ್ಲಿ ಮೊದಲು ಜಾರಿಗೆ ತಂದಿತ್ತು. ಲಂಡನ್ ನಗರ 2003ರಲ್ಲಿ ಅದೇ ದಾರಿ ಹಿಡಿಯಿತು.

ಮುರಿದ ಮಾತು

ಸ್ಟಾಕ್‌ಹೋಮಿನಲ್ಲಿ ಕಾರ್ಯಕ್ಕೆ ಶುಭಾರಂಭವೇನೂ ಆಗಲಿಲ್ಲ. 2002ರ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಟ್ ಪಕ್ಷದ ನಾಯಕಿ ಆನಿಕಾ ಬಿಲ್‌ಸ್ಟ್ರೋಮ್ ಅವರು ಮುಂದಿನ ಅವಧಿಯಲ್ಲಿ ಇಂತಹ ಸುಂಕ ಬರುವುದಿಲ್ಲವೆಂದು ನಗರದ ಜನಕ್ಕೆ ಮಾತು ಕೊಟ್ಟಿದ್ದರು. ಚುನಾವಣೆ ಮುಗಿದ ಮೇಲೆ ದೇಶದ ಸರ್ಕಾರ ನಡೆಸಲು ಅವರ ಪಕ್ಷಕ್ಕೆ ಹಸಿರು ಪಕ್ಷದ ಬೆಂಬಲ ಬೇಕಾಯಿತು. ಸ್ಟಾಕ್‌ಹೋಮಿನಲ್ಲಿ ದಟ್ಟಣೆ ಸುಂಕದ ಪ್ರಯೋಗ ನಡೆಯಬೇಕೆಂಬುದು ಹಸಿರು ಪಕ್ಷದ ಷರತ್ತು. ಕೊಟ್ಟ ಮಾತು ಮುರಿಯಿತು. ಬೇಡವೆಂದಿದ್ದವರೇ ಅದನ್ನು ನಡೆಸಿಕೊಡಬೇಕಾಯಿತು.

ಜನ ಕೆರಳಿದ್ದು ಸಹಜ. ಪ್ರಯೋಗ ಆರಂಭವಾಗುವ ಮುನ್ನ ಬಹುಮಂದಿ ಅದಕ್ಕೆ ವಿರುದ್ಧವಾಗಿದ್ದರು. ಪತ್ರಿಕೆಗಳು ಅನಾಹುತವನ್ನೇ ನಿರೀಕ್ಷಿಸಿದ್ದುವು. ಗುತ್ತಿಗೆಯ ವಿಷಯ ನ್ಯಾಯಾಲಯಕ್ಕೆ ಹೋದುದರಿಂದ ಕಾರ್ಯ ಹಿಂದೆ ಬಿದ್ದಿತು. ಪ್ರಯೋಗದ ಕೊನೆಯಲ್ಲಿ ಜನಮತ ಕೇಳುವುದೆಂದು ಗೊತ್ತಾಗಿತ್ತು. ಯೋಜಕರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಸಂಚಾರ ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆಂದು ಅವರ ಗಣಿತ ಹೇಳುತ್ತಿತ್ತು. ಅಷ್ಟು ಸಣ್ಣ ಸುಂಕಕ್ಕೆ ಅಷ್ಟು ಜನ ಕಾರು ಬಿಟ್ಟಾರೆ ಎಂಬುದನ್ನು ಸಾಮಾನ್ಯ ಜನ ನಂಬಲಿಲ್ಲ.

ಏರ್ಪಾಡಿನ ವಿವರ ಹೀಗಿತ್ತು. ನಡುನಗರದ ಸುತ್ತ ಒಂದು ಗೆರೆ; ಅದನ್ನು ದಾಟುವ ದಾರಿಗಳಲ್ಲಿ ಹದಿನೆಂಟು ಕಟ್ಟೆಗಳು. ಆದರೆ ಅಲ್ಲಿ ಗೇಟಿಲ್ಲ, ಸುಂಕದವನಿಲ್ಲ, ನಿಲ್ಲುವ ಮಾತೇ ಇಲ್ಲ. ಕ್ಯಾಮೆರಾಗಳು ಕಾರಿನ ನಂಬರನ್ನು ಓದಿಕೊಳ್ಳುತ್ತಿದ್ದುವು. ಹಣವನ್ನು ಆಮೇಲೆ ಕಟ್ಟುವುದು. ಕೆಲಸದ ದಿನಗಳಲ್ಲಿ ಬೆಳಗಿನ ಆರೂವರೆಯಿಂದ ಸಂಜೆ ಆರೂವರೆಯವರೆಗೆ ಮಾತ್ರ ಸುಂಕ. ಹೊತ್ತಿಗೆ ತಕ್ಕಂತೆ 10, 15 ಇಲ್ಲವೆ 20 ಕ್ರೋನರ್. ದಿನಕ್ಕೆ 60 ಕ್ರೋನರ್ ಮೀರುವಂತಿಲ್ಲ. ಅಂದಿನ ವಿನಿಮಯದಲ್ಲಿ 20 ಕ್ರೋನರ್ ಎಂದರೆ ನಮ್ಮ ನೂರು ರೂಪಾಯಿಗೆ ತುಸು ಮೇಲೆ. ರಾತ್ರಿ, ಶನಿವಾರ, ಭಾನುವಾರಗಳಲ್ಲಿ ಏನೂ ಇಲ್ಲ.

ನ್ಯಾಯದ ಸೂಕ್ಷ್ಮವೂ ಇದರಲ್ಲಿ ಇತ್ತು. ಲಿಡಿಂಗೋ ಎಂಬ ದ್ವೀಪದವರಿಗೆ ಹೊರಪ್ರಪಂಚಕ್ಕೆ ಹೋಗಲು ಸುಂಕದ ಗೆರೆಯೊಳಗಿನ ದಾರಿಯೊಂದೇ ಗತಿ. ಅವರು ಅರ್ಧ ಗಂಟೆಯೊಳಗೆ ಇನ್ನೊಂದು ಕಟ್ಟೆ ದಾಟಿ ಹೊರಬಿದ್ದರೆ ಸುಂಕವಿಲ್ಲವೆಂದು ನಿಯಮ ಮಾಡಿದರು. ಒಂದು ದ್ವೀಪದ ಕಷ್ಟಕ್ಕೆ ಲೆಕ್ಕದಲ್ಲಿ ಜಾಗ ಮಾಡಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಸುಂಕ ಬರುವುದಕ್ಕೆ ನಾಲ್ಕು ತಿಂಗಳು ಮೊದಲೇ, 2005ರ ಆಗಸ್ಟ್ ಕೊನೆಯಲ್ಲಿ, 197 ಹೊಸ ಬಸ್ಸುಗಳನ್ನು ಬಿಟ್ಟು 16 ಹೊಸ ಮಾರ್ಗಗಳನ್ನು ತೆರೆದರು. ಕಾರು ಬಿಡಿ ಎಂದು ಹೇಳುವ ಮೊದಲು ಏರಿಹೋಗುವುದಕ್ಕೆ ಬೇರೊಂದನ್ನು ತೋರಿಸಿದರು.

ಕಾರುಗಳು ಹೋದುವೆಲ್ಲಿ?

2006ರ ಜನವರಿ 3ರಂದು ಸುಂಕ ಆರಂಭವಾಯಿತು. ಮೊದಲ ದಿನವೇ ರಸ್ತೆಗಳು ಬಿಡುವಾಗಿ ಕಂಡುವು. ಇದು ಹೊಸತರ ಅಂಜಿಕೆ, ನಾಲ್ಕು ದಿನದಲ್ಲಿ ಎಲ್ಲ ಮೊದಲಿನಂತಾದೀತು ಎಂದು ಹಲವರು ಭಾವಿಸಿದರು. ಹಾಗಾಗಲಿಲ್ಲ. ಜುಲೈ 31ರಂದು ಪ್ರಯೋಗ ಮುಗಿಯುವವರೆಗೂ ಗೆರೆ ದಾಟುವ ಸಂಚಾರ ಶೇಕಡಾ 20ಕ್ಕಿಂತ ಹೆಚ್ಚೇ ಇಳಿದಿತ್ತು. ದಿನಕ್ಕೆ ಸುಮಾರು ಒಂದು ಲಕ್ಷ ದಾಟುಗಳು ಕಡಮೆ! ಸಾಲಿನಲ್ಲಿ ಕಾಯುವ ಹೊತ್ತು ಶೇಕಡಾ 30ರಿಂದ 50ರಷ್ಟು ತಗ್ಗಿತು. ನಡುನಗರದಲ್ಲಿ ವಾಹನಗಳ ಹೊಗೆ ಶೇಕಡಾ 14ರಷ್ಟು ಕಡಮೆಯಾಯಿತು. ಯೋಜಕರ ಲೆಕ್ಕ ಬಹುಮಟ್ಟಿಗೆ ಸರಿಯಾಗಿತ್ತು.

ಆ ಕಾರುಗಳು ಹೋದುದೆಲ್ಲಿಗೆ? ಕೆಲಸಕ್ಕೆ ಹೋಗುವವರಲ್ಲಿ ಹಲವರು ಬಸ್ಸು, ರೈಲು ಹಿಡಿದರು. ಉಳಿದವರ ಉತ್ತರ ಇನ್ನೂ ಸ್ವಾರಸ್ಯ. ಒಬ್ಬರು ವಾರಕ್ಕೆ ಮೂರು ಸಲ ಹೋಗುವ ಅಂಗಡಿಗೆ ಎರಡು ಸಲ ಹೋದರು. ಇನ್ನೊಬ್ಬರು ಎರಡು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿಕೊಂಡರು. ಮತ್ತೊಬ್ಬರು ಸ್ನೇಹಿತರನ್ನು ಕಾಣಲು ಸಂಜೆ ಆರೂವರೆ ದಾಟಿಸಿ ಹೊರಟರು. ಜನರನ್ನು ವಿಚಾರಿಸಿದಾಗ, ತಾವು ಬದಲಾಗಿದ್ದೇವೆಂಬುದೇ ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಈ ಯೋಜನೆಯ ಲೆಕ್ಕದಲ್ಲಿ ಪಾಲ್ಗೊಂಡಿದ್ದ ಪ್ರಾಧ್ಯಾಪಕ ಯೋನಾಸ್ ಎಲಿಯಾಸೋನ್ ಅವರು ಮುಂದೆ ಸ್ಟಾಕ್‌ಹೋಮ್ ನಗರದ ಸಂಚಾರ ಇಲಾಖೆಯ ಮುಖ್ಯಸ್ಥರೂ ಆದರು. ಜನ ಹೇಗೆ ಬದಲಾಗಬೇಕೆಂದು ಯೋಜಕ ಹೇಳಿಕೊಡಬೇಕಾಗಿಲ್ಲ, ತಮ್ಮ ಜೀವನದ ತೊಡಕನ್ನು ಬಿಡಿಸಿಕೊಳ್ಳುವುದು ಅವರಿಗೇ ಚೆನ್ನಾಗಿ ಗೊತ್ತು ಎಂಬುದು ಅವರು ಇದರಿಂದ ತೆಗೆದ ಮುಖ್ಯ ಸಾರ.

ಆಗಸ್ಟ್ 1ರಂದು ಸುಂಕ ನಿಂತಿತು. ಕಾರುಗಳು ಮರಳಿದುವು, ಅವುಗಳೊಂದಿಗೆ ಸಾಲುಗಳೂ ಮರಳಿದುವು. ಯಾವ ಭಾಷಣವೂ ಮಾಡಲಾರದ ಕೆಲಸವನ್ನು ಆ ದೃಶ್ಯ ಮಾಡಿತು.

ಜನರ ತೀರ್ಪು

ಸೆಪ್ಟೆಂಬರ್ 17ರಂದು ಸಾರ್ವತ್ರಿಕ ಚುನಾವಣೆಯೊಡನೆ ಜನಮತವೂ ನಡೆಯಿತು. ನಗರದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಸುಂಕ ಇರಲೆಂದರು. ಸುತ್ತಲಿನ ಹಲವು ಊರುಗಳು ತಾವೇ ಮತ ತೆಗೆದುವು. ಅಲ್ಲಿ ಒಟ್ಟಿನಲ್ಲಿ ವಿರೋಧವೇ ಮೇಲಾಯಿತು. ಸುಂಕ ಕೊಡುವವರಲ್ಲಿ ಅವರೂ ಇದ್ದರಷ್ಟೆ! ಅದೇ ದಿನ ಬಿಲ್‌ಸ್ಟ್ರೋಮ್ ಅವರ ಪಕ್ಷ ನಗರದಲ್ಲಿಯೂ ದೇಶದಲ್ಲಿಯೂ ಅಧಿಕಾರ ಕಳೆದುಕೊಂಡಿತು. ಸುಂಕ ಗೆದ್ದಿತು, ಅದನ್ನು ತಂದವರು ಸೋತರು.

ಗೆದ್ದು ಬಂದವರು ಮೊದಲು ಸುಂಕವನ್ನು ವಿರೋಧಿಸಿದ್ದವರು. ಆದರೂ ಅವರು ಅದನ್ನು ರದ್ದುಮಾಡದೆ, ಬಂದ ಹಣ ರಸ್ತೆಗಳಿಗೆ ಸಲ್ಲಬೇಕೆಂದು ಗೊತ್ತುಮಾಡಿ, 2007ರ ಆಗಸ್ಟ್ 1ರಿಂದ ಕಾಯಂಗೊಳಿಸಿದರು. ಮುಂದಿನ ವರ್ಷಗಳಲ್ಲಿ ಬೆಂಬಲ ಇನ್ನೂ ಬೆಳೆಯಿತು. ಮೊದಲು ವಿರೋಧಿಸಿದವರಲ್ಲಿ ಅನೇಕರು, ತಾವು ಎಂದಿನಿಂದಲೂ ಇದರ ಪರವಾಗಿಯೇ ಇದ್ದೆವೆಂದು ನಂಬಿದ್ದರಂತೆ!

ನಮ್ಮ ಬೀದಿಗಳ ಮಾತು

ಇದೇ 2006ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನು ಪ್ರಕಟಿಸಿತು. ರಸ್ತೆಯ ಜಾಗವನ್ನು ವಾಹನಗಳಿಗಿಂತ ಹೆಚ್ಚಾಗಿ ಮನುಷ್ಯರನ್ನು ಲೆಕ್ಕಕ್ಕೆ ತೆಗೆದುಕೊಂಡು ಹಂಚಬೇಕೆಂಬುದು ಅದರ ತಿರುಳು. ಮರುವರ್ಷ ಕರ್ನಾಟಕದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಆರಂಭವಾಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಮ್ಮ ಮೆಟ್ರೋ ಓಡಿತು. ದಟ್ಟಣೆ ಸುಂಕದ ಮಾತು ಬೆಂಗಳೂರಿನಲ್ಲಿಯೂ ಆಗಾಗ ಕೇಳಿಬರುತ್ತದೆ. ಬಂದಷ್ಟೇ ಬೇಗ ಅಡಗಿಹೋಗುತ್ತದೆ.

ಸ್ಟಾಕ್‌ಹೋಮಿನ ಮದ್ದನ್ನು ಹಾಗೆಯೇ ತಂದು ಇಲ್ಲಿ ಕುಡಿಸುವುದು ಸಲ್ಲದು. ಅಲ್ಲಿ ನೆಲದಡಿಯ ರೈಲು 1950ರಿಂದಲೇ ಓಡುತ್ತಿದೆ. ಕಾರು ಬಿಟ್ಟವನಿಗೆ ಕಾಲುದಾರಿಯುಂಟು, ಹೊತ್ತಿಗೆ ಸರಿಯಾಗಿ ಬರುವ ಬಂಡಿಯುಂಟು. ನಮ್ಮಲ್ಲಿ ಬಸ್ಸಿಗಾಗಿ ಕಾದು ನಿಂತ ತಾಯಿಗೆ ನಿಲ್ಲಲು ನೆರಳಿಲ್ಲ; ಶಾಲೆಯಿಂದ ಬರುವ ಮಗುವಿಗೆ ನಡೆಯಲು ಮುರಿಯದ ಚಪ್ಪಡಿಯಿಲ್ಲ. ಇವನ್ನು ಸರಿಪಡಿಸದೆ ಸುಂಕ ಹಾಕಿದರೆ ಅದು ಗಾದೆಯ ಸುಂಕವೇ ಆದೀತು.

ಆದರೆ ಅವರು ಅನುಸರಿಸಿದ ಕ್ರಮ ನಮಗೂ ಸಲ್ಲುತ್ತದೆ: ಮೊದಲು ಬಸ್ಸು, ಆಮೇಲೆ ಸುಂಕ, ಮೊದಲು ಪ್ರಯೋಗ, ಆಮೇಲೆ ಕಾಯಂ, ಮೊದಲು ಅಳತೆ, ಆಮೇಲೆ ವಾದ, ಕೊನೆಯ ಮಾತು ಜನರದು. ಮೇಲುಸೇತುವೆ ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಸಾಲು ಕರಗಿಸಿದವನಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಸಂಜೆ ಮನೆಯವರು ಅರ್ಧ ಗಂಟೆ ಮೊದಲೇ ಬಂದು ಮಕ್ಕಳೊಡನೆ ಊಟಕ್ಕೆ ಕುಳಿತರೆ, ಅದು ಯಾರ ಲೆಕ್ಕದ ಫಲವೆಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಇಂಥವರು ನಮ್ಮ ನಗರಾಡಳಿತಗಳಲ್ಲಿಯೂ ಇದ್ದಾರೆ. ಅವರಿಗೆ ಅಳೆಯುವುದಕ್ಕೆ ಕಾಲವನ್ನೂ ಅಳೆದುದನ್ನು ಹೇಳುವುದಕ್ಕೆ ಧೈರ್ಯವನ್ನೂ ನಾವು ಕೊಟ್ಟಿದ್ದೇವೆಯೇ ಎಂಬುದು ಪ್ರಶ್ನೆ.